ಕುಲಾಂತರಿ ಪಪ್ಪಾಯಿಯ ಪೇಟೆಂಟ್: ಹುಡುಕುವುದು ಹೇಗೆ, ಓದುವುದು ಹೇಗೆ

ಕುಲಾಂತರಿ ಪಪ್ಪಾಯಿ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, ‘ಅದರ ಪೇಟೆಂಟ್ ಯಾರದು?’ ಒಂದು ಗಿಡಕ್ಕೆ ಒಂದು ಪೇಟೆಂಟ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಿಡದೊಳಗೆ ಸೇರಿಸಿದ ಜೀನ್ ಒಬ್ಬರದು. ಆ ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು ಇನ್ನೊಬ್ಬರದು. ಅದನ್ನು ಕೋಶದ ಒಳಗೆ ಸೇರಿಸಿದ ವಿಧಾನ ಮತ್ತೊಬ್ಬರದು. ಹೀಗೆ ಒಂದೇ ಹಣ್ಣಿನಲ್ಲಿ ಹಲವರ ಹಕ್ಕು ಇರಬಹುದು, ಅಥವಾ ಎಲ್ಲರ ಹಕ್ಕೂ ಅವಧಿ ಮುಗಿದು ಹೋಗಿರಬಹುದು. ಯಾವುದು ನಿಜ ಎಂದು ನೀವೇ ಒಂದು ಮಟ್ಟಿಗೆ ನೋಡಿಕೊಳ್ಳಬಹುದು.

ಬಯೋಟೆಕ್ನಾಲಜಿ ಓದುತ್ತಿರುವವರು, ಸಣ್ಣ ಲ್ಯಾಬ್ ನಡೆಸುವವರು, ಹಣ್ಣಿನ ಬೆಳೆಗಳ ಬಗ್ಗೆ ಬರೆಯುವವರು, ಕುಲಾಂತರಿ ತಳಿಯ ಬಗ್ಗೆ ಯಾರೋ ಹೇಳಿದ್ದನ್ನು ಸುಮ್ನೆ ನಂಬದೆ ನೋಡಬೇಕು ಅನ್ನುವ ಬೆಳೆಗಾರರು, ಇವರಿಗಾಗಿ ಈ ಬರಹ. ವಕೀಲರ ಕೆಲಸವನ್ನು ನೀವೇ ಮಾಡಿ ಎಂದು ಹೇಳುತ್ತಿಲ್ಲ. ಆದರೆ ವಕೀಲರ ಹತ್ತಿರ ಹೋಗುವ ಮುಂಚೆ ಪುಕ್ಕಟೆಯಾಗಿ ಮಾಡಬಹುದಾದ ಕೆಲಸ ಬಹಳ ಇದೆ.

ಪಪ್ಪಾಯಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಅದರ ಕಥೆ ಪೂರ್ತಿ ಬಹಿರಂಗವಾಗಿದೆ. ಬಾಳೆ, ಅನಾನಸ್‌ಗೂ ದಾರಿ ಇದೇ.

ಹಂತ 1: ಮೊದಲು ಗಿಡವನ್ನು ಬಿಡಿಭಾಗ ಮಾಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೀವು ನೋಡುತ್ತಿರುವ ಗಿಡ ಯಾವ ಯಾವ ಭಾಗ, ಯಾವ ಯಾವ ವಿಧಾನದಿಂದ ಆಗಿದೆ ಎಂದು ಬರೆಯಿರಿ. ಹವಾಯಿಯ ಪಪ್ಪಾಯಿಯನ್ನೇ ನೋಡೋಣ.

ಪಪ್ಪಾಯಿಗೆ ರಿಂಗ್‌ಸ್ಪಾಟ್ ವೈರಸ್ ಎಂಬ ದೊಡ್ಡ ಶತ್ರು ಇದೆ. ಏಫಿಡ್ ಎಂಬ ಸಣ್ಣ ಹೇನುಗಳು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತವೆ. 1992ರಲ್ಲಿ ಅದು ಹವಾಯಿಯ ಪೂನಾ ಪ್ರದೇಶದಲ್ಲಿ ಕಾಣಿಸಿಕೊಂಡಿತು. ಆ ರಾಜ್ಯದ ಪಪ್ಪಾಯಿಯ ಬಹುಪಾಲು ಬೆಳೆಯುತ್ತಿದ್ದುದು ಅಲ್ಲೇ. ಅಷ್ಟರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೆನಿಸ್ ಗೊನ್ಸಾಲ್ವಿಸ್ ಮತ್ತು ಜೊತೆಗಾರರು ವೈರಸ್ ತಡೆಯುವ ಕುಲಾಂತರಿ ಗಿಡ ತಯಾರು ಮಾಡಿಕೊಂಡಿದ್ದರು. ಅದೇ ಮುಂದೆ 55-1 ಎಂಬ ಲೈನ್ (ಒಂದೇ ಮೂಲ ಗಿಡದಿಂದ ಬಂದ ಸಂತತಿ) ಆಯಿತು. ಅದರಿಂದ ಸನ್‌ಅಪ್ ತಳಿ ಬಂತು. ಸನ್‌ಅಪ್ ಅನ್ನು ಹಳದಿ ತಿರುಳಿನ ಕಪೋಹೋ ಜೊತೆ ಕ್ರಾಸ್ ಮಾಡಿದಾಗ ರೇನ್‌ಬೋ ಎಂಬ ಹೈಬ್ರಿಡ್ ಸಿಕ್ಕಿತು.

ಈ ಗಿಡದ ಬಿಡಿಭಾಗಗಳು ಇವು. ವೈರಸ್ಸಿನ ಹೊದಿಕೆ ಪ್ರೋಟೀನಿನ ಜೀನ್, ಅಂದರೆ ಕೋಟ್ ಪ್ರೋಟೀನ್ ಜೀನ್. ಅದನ್ನು ಚಾಲೂ ಮಾಡುವ 35ಎಸ್ ಪ್ರಮೋಟರ್; ಇದು ಹೂಕೋಸಿಗೆ ಬರುವ ಒಂದು ವೈರಸ್ಸಿನಿಂದ ತೆಗೆದದ್ದು. ಹೊಸ ಡಿಎನ್‌ಎ ಸೇರಿದ ಕೋಶಗಳನ್ನು ಬೇರ್ಪಡಿಸಲು ಕ್ಯಾನಮೈಸಿನ್ ಆಂಟಿಬಯಾಟಿಕ್ ತಡೆದುಕೊಳ್ಳುವ ಮಾರ್ಕರ್ ಜೀನ್. ಜೀನ್ ಕೆಲಸ ಮಾಡುತ್ತಿದೆಯೇ ಎಂದು ನೀಲಿ ಬಣ್ಣದಿಂದ ತೋರಿಸುವ ಗಸ್ ಜೀನ್. ಡಿಎನ್‌ಎ ಸವರಿದ ಲೋಹದ ಕಣಗಳನ್ನು ಕೋಶಕ್ಕೆ ಹೊಡೆಯುವ ಜೀನ್ ಗನ್. ಆ ಕೋಶಗಳಿಂದ ಮತ್ತೆ ಗಿಡ ಬೆಳೆಸುವ ಟಿಶ್ಯೂ ಕಲ್ಚರ್ ವಿಧಾನ. ಕೊನೆಗೆ, ಇದನ್ನೆಲ್ಲ ಸೇರಿಸಿದ ಮೂಲ ತಳಿ ಸನ್‌ಸೆಟ್.

ಒಟ್ಟು ಏಳು ಸಾಲು. ಪ್ರತಿ ಸಾಲಿಗೂ ಬೇರೆ ಬೇರೆ ಹಕ್ಕುದಾರರು ಇರಬಹುದು; ಇಲ್ಲಿ ಹಲವು ಸಾಲುಗಳಿಗೆ ಇದ್ದರು ಕೂಡ. ಗಿಡ ವಿಶ್ವವಿದ್ಯಾಲಯದಲ್ಲಿ ತಯಾರಾಗಿದ್ದರೂ ಬೆಳೆಗಾರರಿಗೆ ಬೀಜ ಕೊಡುವ ಮೊದಲು ಬೆಳೆಗಾರರ ಪರವಾಗಿ ಪಪಾಯ ಅಡ್ಮಿನಿಸ್ಟ್ರೇಟಿವ್ ಕಮಿಟಿ ಎಂಬ ಸಂಸ್ಥೆ ಲೈಸೆನ್ಸ್ ಪಡೆಯಬೇಕಾಯಿತು. ಅದೂ ನಾಲ್ಕು ಕಡೆಯಿಂದ: ಮೊನ್ಸಾಂಟೊ, ಆಸ್ಗ್ರೋ ಸೀಡ್ ಕಂಪನಿ, ಕ್ಯಾಂಬಿಯಾ ಬಯೋಸಿಸ್ಟಮ್ಸ್ ಎಂಬ ಕಂಪನಿಗಳು ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ. ಅದು ಮುಗಿದ ಮೇಲೆ 1998ರ ಮೇ ತಿಂಗಳಲ್ಲಿ ಬೀಜ ಹಂಚಿದರು. ಲ್ಯಾಬಿನ ಕೆಲಸ ಮುಗಿಸಿ, ಸರ್ಕಾರದ ಪರವಾನಗಿ ತೆಗೆದುಕೊಂಡು, ಆಮೇಲೂ ಈ ಕಾಗದಪತ್ರಕ್ಕೆ ಕಾಯಬೇಕಾಗಿ ಬಂದದ್ದನ್ನು ಗಮನಿಸಿ. ಬಿಡಿಭಾಗದ ಪಟ್ಟಿ ಮೊದಲೇ ಇದ್ದರೆ ಈ ಕಾಯುವಿಕೆ ಎಲ್ಲಿ ಬರುತ್ತದೆ ಎಂದು ಮುಂಚೆಯೇ ಗೊತ್ತಾಗುತ್ತದೆ.

ಒಂದು ಸೂಕ್ಷ್ಮ ಇಲ್ಲಿದೆ. ಕೋಟ್ ಪ್ರೋಟೀನ್ ಜೀನ್ ಹಾಕಿದರೆ ವೈರಸ್ ಯಾಕೆ ನಿಲ್ಲುತ್ತದೆ? ಮೊದಲಿಗೆ ಆ ಪ್ರೋಟೀನೇ ಕಾವಲು ಕಾಯುತ್ತದೆ ಎಂದುಕೊಂಡಿದ್ದರು. ಆಮೇಲೆ ತಿಳಿದದ್ದು, ಹೊಸ ಜೀನಿನ ಆರ್‌ಎನ್‌ಎ (ಜೀನಿನಿಂದ ತಯಾರಾಗುವ ನಕಲು) ನೋಡಿದ ಗಿಡ ಅದೇ ರೀತಿಯ ವೈರಸ್ ಆರ್‌ಎನ್‌ಎಯನ್ನೂ ಕತ್ತರಿಸಿ ಹಾಕುತ್ತದೆ ಎಂದು. ಇದನ್ನು ಜೀನ್ ಸೈಲೆನ್ಸಿಂಗ್ ಅನ್ನುತ್ತಾರೆ. ಪೇಟೆಂಟ್ ಹುಡುಕುವವರಿಗೆ ಇದರಿಂದ ಕೆಲಸ ಜಾಸ್ತಿ. ‘ಕೋಟ್ ಪ್ರೋಟೀನ್’ ಹೆಸರಿನಲ್ಲಿ ಇರುವ ಪೇಟೆಂಟ್ ನೋಡಿದರೆ ಸಾಲದು, ‘ಸೈಲೆನ್ಸಿಂಗ್’, ‘ಆರ್‌ಎನ್‌ಎಐ’ (ಆರ್‌ಎನ್‌ಎ ಇಂಟರ್‌ಫೆರೆನ್ಸ್, ಇಂಥ ಸೈಲೆನ್ಸಿಂಗ್‌ಗೆ ಇನ್ನೊಂದು ಹೆಸರು) ಹೆಸರಿನವನ್ನೂ ನೋಡಬೇಕು. ಗಿಡ ಅದೇ, ಅದನ್ನು ವಿವರಿಸುವ ಮಾತು ಎರಡು.

ಹಂತ 2: ಹುಡುಕುವ ಜಾಗ, ಹುಡುಕುವ ಪದ

ಪುಕ್ಕಟೆ ಸಿಗುವ ತಾಣಗಳು ನಾಲ್ಕು ಸಾಕು. ಗೂಗಲ್ ಪೇಟೆಂಟ್ಸ್ ಶುರುಮಾಡಲು ಸುಲಭ. ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್ನೆಟ್ ಒಂದೇ ಆವಿಷ್ಕಾರದ ಬೇರೆ ಬೇರೆ ದೇಶದ ಅರ್ಜಿಗಳನ್ನು ಒಟ್ಟಿಗೆ ತೋರಿಸುವುದರಲ್ಲಿ ಚೆನ್ನಾಗಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪೇಟೆಂಟ್‌ಸ್ಕೋಪ್ ಅಂತರರಾಷ್ಟ್ರೀಯ ಅರ್ಜಿಗಳಿಗೆ. ನಾಲ್ಕನೆಯದು ಲೆನ್ಸ್. ಇದನ್ನು ನಡೆಸುವುದು ರಿಚರ್ಡ್ ಜೆಫರ್ಸನ್ ಕಟ್ಟಿದ ಕ್ಯಾಂಬಿಯಾ ಸಂಸ್ಥೆ. ಮೇಲೆ ಹೇಳಿದ ನೀಲಿ ಬಣ್ಣದ ಗಸ್ ವಿಧಾನ ರೂಪಿಸಿದವರೂ ಅವರೇ. ಲೆನ್ಸ್‌ನಲ್ಲಿ ಪೇಟೆಂಟಿನಲ್ಲಿ ಬರುವ ಜೀನ್ ಸೀಕ್ವೆನ್ಸ್‌ಗಳನ್ನೂ (ಜೀನಿನ ಅಕ್ಷರಗಳ ಸಾಲು) ಹುಡುಕಬಹುದು, ಈ ಕ್ಷೇತ್ರಕ್ಕೆ ಅದು ದೊಡ್ಡ ಅನುಕೂಲ.

ಹುಡುಕುವಾಗ ಬರೀ ‘ಪಪಾಯ’ ಎಂದು ಟೈಪ್ ಮಾಡಬೇಡಿ. ಪಪ್ಪಾಯಿಯಿಂದ ತೆಗೆಯುವ ಪಪೈನ್ ಕಿಣ್ವ, ಮುಖಕ್ಕೆ ಹಚ್ಚುವ ಕ್ರೀಮು, ಜ್ಯೂಸು, ಎಲ್ಲ ಬಂದು ಗುಡ್ಡೆ ಬೀಳುತ್ತವೆ. ಸಸ್ಯಶಾಸ್ತ್ರದ ಹೆಸರು ‘ಕ್ಯಾರಿಕಾ ಪಪಾಯ’ ಹಾಕಿ. ಜೊತೆಗೆ ‘ಟ್ರಾನ್ಸ್‌ಜೆನಿಕ್’, ‘ಟ್ರಾನ್ಸ್‌ಫರ್ಮೇಷನ್’, ‘ಸೊಮ್ಯಾಟಿಕ್ ಎಂಬ್ರಿಯೋ’ ಇಂಥ ಪದ ಸೇರಿಸಿ. ತಾಣಗಳಲ್ಲಿ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಇನ್ನೂ ಒಳ್ಳೆಯ ದಾರಿ ಎಂದರೆ ವರ್ಗೀಕರಣದ ಕೋಡ್. ಪೇಟೆಂಟ್ ಕಚೇರಿಗಳು ಪ್ರತಿ ದಾಖಲೆಗೂ ವಿಷಯದ ಕೋಡ್ ಹಾಕುತ್ತವೆ. ಬರೆದವರು ಎಷ್ಟೇ ಸುತ್ತಿಬಳಸಿ ಹೆಸರಿಟ್ಟರೂ ಕೋಡ್ ಗುಟ್ಟು ಬಿಟ್ಟುಕೊಡುತ್ತದೆ. ಗಿಡಗಳ ಜೀನ್ ಮಾರ್ಪಾಡಿಗೆ ಸಿ12ಎನ್ 15/82 ಎಂಬ ದೊಡ್ಡ ಗುಂಪು. ಅದರೊಳಗೆ 15/8205 ಅಗ್ರೋಬ್ಯಾಕ್ಟೀರಿಯಂ (ಗಿಡದ ಕೋಶಕ್ಕೆ ಜೀನ್ ಸಾಗಿಸುವ ಬ್ಯಾಕ್ಟೀರಿಯಾ) ವಿಧಾನ, 15/8207 ಜೀನ್ ಗನ್ ಮೊದಲಾದ ಭೌತಿಕ ವಿಧಾನ, 15/8283 ವೈರಸ್ ನಿರೋಧ, 15/8282 ಶಿಲೀಂಧ್ರ ನಿರೋಧ, 15/8249 ಹಣ್ಣು ಮಾಗುವಿಕೆ. ಟಿಶ್ಯೂ ಕಲ್ಚರ್ ಮೂಲಕ ಗಿಡ ಬೆಳೆಸುವುದಕ್ಕೆ ಎ01ಎಚ್ 4/00. ಕೋಡ್ ಮತ್ತು ಗಿಡದ ಹೆಸರು ಎರಡನ್ನೂ ಒಟ್ಟಿಗೆ ಹಾಕಿದರೆ ಕಸ ಬಹಳ ಕಡಿಮೆಯಾಗುತ್ತದೆ.

ಆದರೆ ಒಂದು ಅಪಾಯ. ನಿಮಗೆ ಅಡ್ಡ ಬರುವ ಪೇಟೆಂಟಿನಲ್ಲಿ ಪಪ್ಪಾಯಿಯ ಹೆಸರೇ ಇಲ್ಲದಿರಬಹುದು. 35ಎಸ್ ಪ್ರಮೋಟರಿನ ಪೇಟೆಂಟ್ ಗಿಡಗಳ ಕೋಶಕ್ಕೆ ಸಂಬಂಧಿಸಿದ್ದು, ಪಪ್ಪಾಯಿಗೇ ಅಂತ ಅಲ್ಲ. ಜೀನ್ ಗನ್ನಿನ ಪೇಟೆಂಟಿಗಂತೂ ಯಾವ ಜೀವಿಯಾದರೂ ಸರಿ. ಅದಕ್ಕೇ ಹಂತ 1ರ ಪಟ್ಟಿ ಬೇಕು. ಗಿಡದ ಹೆಸರಿನಲ್ಲಿ ಒಂದು ಸಲ, ಪ್ರತಿ ಬಿಡಿಭಾಗದ ಹೆಸರಿನಲ್ಲಿ ಒಂದೊಂದು ಸಲ ಹುಡುಕಿ.

ಹಂತ 3: ಕೈಗೆ ಸಿಕ್ಕಿದ್ದು ಪೇಟೆಂಟೋ, ಬರೀ ಅರ್ಜಿಯೋ?

ಪತ್ರಿಕೆಗಳಲ್ಲಿ ‘ಪೇಟೆಂಟ್ ಪಡೆದ ಕಂಪನಿ’ ಎಂದು ಬರುವ ಸುದ್ದಿಗಳಲ್ಲಿ ಎಷ್ಟೋ ಬರೀ ಅರ್ಜಿಗಳು. ಅರ್ಜಿ ಹಾಕಿದ ಸುಮಾರು 18 ತಿಂಗಳಿಗೆ ಅದು ತಾನಾಗಿ ಪ್ರಕಟವಾಗುತ್ತದೆ. ಪ್ರಕಟವಾಯಿತು ಎಂದರೆ ಮಂಜೂರಾಯಿತು ಎಂದಲ್ಲ.

ನಂಬರಿನ ಕೊನೆಯ ಅಕ್ಷರ ನೋಡಿ. ಸಾಮಾನ್ಯವಾಗಿ ‘ಎ’ ಇದ್ದರೆ ಅರ್ಜಿ, ‘ಬಿ’ ಇದ್ದರೆ ಮಂಜೂರಾದ ಪೇಟೆಂಟ್. ಅಮೆರಿಕದ ಹಳೆಯ ಪೇಟೆಂಟುಗಳಲ್ಲಿ ಮಾತ್ರ ಈ ನಿಯಮ ಕೈಕೊಡುತ್ತದೆ. 2001ಕ್ಕೆ ಮೊದಲು ಅಲ್ಲಿ ಮಂಜೂರಾದವಕ್ಕೂ ‘ಎ’ ಅಂತಲೇ ಬರುತ್ತದೆ. ಪಪ್ಪಾಯಿಗೆ ಸಂಬಂಧಿಸಿದ ಮೂಲ ವಿಧಾನಗಳೆಲ್ಲ ಆ ಕಾಲದವೇ, ಹಾಗಾಗಿ ಜೋಪಾನ. ‘ಡಬ್ಲ್ಯುಒ’ ಎಂದು ಶುರುವಾಗುವುದು ಅಂತರರಾಷ್ಟ್ರೀಯ ಅರ್ಜಿ. ಅದು ಯಾವತ್ತೂ ಪೇಟೆಂಟ್ ಅಲ್ಲ. ವಿಶ್ವ ಪೇಟೆಂಟ್ ಎಂಬ ವಸ್ತು ಇಲ್ಲವೇ ಇಲ್ಲ. ಅರ್ಜಿದಾರರು ಮೊದಲ ತಾರೀಖಿನಿಂದ ಹೆಚ್ಚು ಕಡಿಮೆ 30 ತಿಂಗಳೊಳಗೆ ತಮಗೆ ಬೇಕಾದ ಒಂದೊಂದು ದೇಶಕ್ಕೂ ಬೇರೆ ಬೇರೆಯಾಗಿ ಹೋಗಬೇಕು. ಹೋಗದ ದೇಶದಲ್ಲಿ ಅವರಿಗೆ ಹಕ್ಕಿಲ್ಲ.

ಅಮೆರಿಕದ ನಂಬರಿನಲ್ಲಿ ‘ಪಿಪಿ’ ಎಂದಿದ್ದರೆ ಅದು ಬೇರೆ ಜಾತಿ, ಪ್ಲಾಂಟ್ ಪೇಟೆಂಟ್. ಬೀಜದಿಂದಲ್ಲದೆ ಕಾಂಡ, ಕಸಿ ಮುಂತಾದವುಗಳಿಂದ ಬೆಳೆಸುವ ಒಂದೇ ಒಂದು ತಳಿಗೆ ಅದು ಸಿಗುತ್ತದೆ. ಡೆಲ್ ಮಾಂಟೆ ಎಂಬ ಹಣ್ಣಿನ ಕಂಪನಿಯ ಗುಲಾಬಿ ತಿರುಳಿನ ಅನಾನಸ್ ತಳಿಗೆ ಇರುವುದು ಇಂಥದ್ದೇ. ಆ ಹಣ್ಣನ್ನು ತಲೆಯ ಜುಟ್ಟು ತೆಗೆದು ಮಾರುತ್ತಾರೆ. ಅನಾನಸ್ ಜುಟ್ಟು ನೆಟ್ಟರೆ ಹೊಸ ಗಿಡ ಬರುತ್ತದೆ ಅಲ್ವಾ?

ಹಂತ 4: ಕ್ಲೈಮ್ ಓದುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಇಲ್ಲಿ ಆತುರ ಬೇಡ.

ಪೇಟೆಂಟಿನಲ್ಲಿ ಶೀರ್ಷಿಕೆ, ಸಾರಾಂಶ, ಚಿತ್ರ, ಹತ್ತಾರು ಪುಟದ ವಿವರಣೆ, ಕೊನೆಯಲ್ಲಿ ನಂಬರ್ ಹಾಕಿದ ಕ್ಲೈಮುಗಳು ಇರುತ್ತವೆ. ಹಕ್ಕು ಇರುವುದು ಕ್ಲೈಮಿಗೆ ಮಾತ್ರ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಹೇಗೋ ಹಾಗೆ: ಪತ್ರದಲ್ಲಿ ಏನೇ ವರ್ಣನೆ ಇರಲಿ, ನಿಮ್ಮದು ಎಲ್ಲಿಯವರೆಗೆ ಅನ್ನುವುದನ್ನು ಹೇಳುವುದು ಅದೊಂದೇ. ಶೀರ್ಷಿಕೆಯಲ್ಲಿ ‘ಕುಲಾಂತರಿ ಪಪ್ಪಾಯಿ ಗಿಡಗಳು’ ಎಂದು ದೊಡ್ಡದಾಗಿ ಬರೆದು, ಕ್ಲೈಮಿನಲ್ಲಿ ಒಂದು ಸಣ್ಣ ವಿಧಾನ ಮಾತ್ರ ಉಳಿದಿರುವುದು ಸಾಮಾನ್ಯ. ಪರಿಶೀಲನೆಯ ಹೊತ್ತಿಗೆ ಕಚೇರಿಯವರು ಕ್ಲೈಮನ್ನು ಕತ್ತರಿಸುತ್ತಾ ಹೋಗುತ್ತಾರೆ, ಶೀರ್ಷಿಕೆ ಹಾಗೇ ಉಳಿಯುತ್ತದೆ. ಅದಕ್ಕೇ ಅರ್ಜಿಯ ಕ್ಲೈಮ್ ಓದಿ ಗಾಬರಿಯಾಗಬೇಡಿ, ಮಂಜೂರಾದ ಪ್ರತಿಯ ಕ್ಲೈಮ್ ಓದಿ.

ಮೊದಲು ಸ್ವತಂತ್ರ ಕ್ಲೈಮ್ ಯಾವುದು ಎಂದು ನೋಡಿ. ಬೇರೆ ಕ್ಲೈಮಿನ ನಂಬರ್ ಹೇಳದೆ ತಾನೇ ನಿಂತಿರುವುದು ಸ್ವತಂತ್ರ. ‘ಕ್ಲೈಮ್ 1ರಲ್ಲಿ ಹೇಳಿದ ವಿಧಾನದಲ್ಲಿ...’ ಎಂದು ಶುರುವಾಗುವುದು ಅವಲಂಬಿತ. ಸ್ವತಂತ್ರ ಕ್ಲೈಮಿನಿಂದ ನೀವು ಹೊರಗಿದ್ದರೆ ಅದನ್ನು ನೆಚ್ಚಿಕೊಂಡ ಅವಲಂಬಿತ ಕ್ಲೈಮುಗಳಿಂದಲೂ ಹೊರಗೇ.

ಅರ್ಥವಾಗಲೆಂದು ಒಂದು ಕ್ಲೈಮನ್ನು ನಾನೇ ಕಲ್ಪಿಸಿ ಬರೆಯುತ್ತೇನೆ (ಇದರಲ್ಲಿ ಬರುವ ಕ್ಯಾಲಸ್ ಅಂದರೆ ಇನ್ನೂ ಬೇರು, ಎಲೆ ಮೂಡದ ಕೋಶಗಳ ಮುದ್ದೆ; ಕಾರ್ಬೊರಂಡಂ ಒಂದು ಗರಗರ ಪುಡಿ):

‘1. ಪಪ್ಪಾಯಿ ಗಿಡವನ್ನು ಮಾರ್ಪಡಿಸುವ ವಿಧಾನ. ಇದರಲ್ಲಿ ಸೇರಿರುವ ಹೆಜ್ಜೆಗಳು: (ಅ) ಬಲಿಯದ ಬೀಜದ ಭ್ರೂಣದಿಂದ ಕ್ಯಾಲಸ್ ಬೆಳೆಸುವುದು, (ಆ) ಆ ಕ್ಯಾಲಸ್ಸನ್ನು ಕಾರ್ಬೊರಂಡಂ ಪುಡಿಯ ಜೊತೆ ಕುಲುಕಿ ಸಣ್ಣ ಗಾಯ ಮಾಡುವುದು, (ಇ) ಬೇಕಾದ ಜೀನ್ ಇರುವ ಅಗ್ರೋಬ್ಯಾಕ್ಟೀರಿಯಂ ಜೊತೆ ಅದನ್ನು ಇಡುವುದು, (ಈ) ಕ್ಯಾನಮೈಸಿನ್ ಇರುವ ಮಾಧ್ಯಮದಲ್ಲಿ ಬದುಕಿದ ಕೋಶಗಳನ್ನು ಆರಿಸುವುದು, (ಉ) ಅವುಗಳಿಂದ ಗಿಡ ಬೆಳೆಸುವುದು.

2. ಕ್ಲೈಮ್ 1ರ ವಿಧಾನ, ಇದರಲ್ಲಿ ಜೀನ್ ರಿಂಗ್‌ಸ್ಪಾಟ್ ವೈರಸ್ಸಿನ ಕೋಟ್ ಪ್ರೋಟೀನಿನದು.’

ಈಗ ನಿಮ್ಮ ಲ್ಯಾಬಿನ ವಿಧಾನವನ್ನು ಇದರ ಪಕ್ಕ ಇಡಿ. ಐದೂ ಹೆಜ್ಜೆ ಇದ್ದರೆ ಮಾತ್ರ ನೀವು ಕ್ಲೈಮ್ 1ರ ಒಳಗೆ. ಒಂದು ಬಿಟ್ಟರೂ ನೇರ ಅರ್ಥದಲ್ಲಿ ಹೊರಗೆ. ನೀವು ಅಗ್ರೋಬ್ಯಾಕ್ಟೀರಿಯಂ ಬದಲು ಜೀನ್ ಗನ್ ಬಳಸುತ್ತಿದ್ದರೆ ಹೆಜ್ಜೆ ಇ ಇಲ್ಲ. ಕ್ಯಾನಮೈಸಿನ್ ಬದಲು ಮ್ಯಾನೋಸ್ ಸಕ್ಕರೆಯಿಂದ ಕೋಶ ಆರಿಸುತ್ತಿದ್ದರೆ ಹೆಜ್ಜೆ ಈ ಇಲ್ಲ. ಪಪ್ಪಾಯಿಯಲ್ಲಿ ಎರಡೂ ಆಗುವಂಥವೇ. ಆದರೆ ಐದು ಹೆಜ್ಜೆಯನ್ನೂ ಮಾಡಿ, ನಿಮ್ಮದೊಂದು ಆರನೆಯದನ್ನು ಸೇರಿಸಿದರೆ ತಪ್ಪಿಸಿಕೊಂಡಂತಲ್ಲ. ‘ಸೇರಿರುವ’ ಎಂದು ಬರೆದ ಕ್ಲೈಮ್ ಬಾಗಿಲು ತೆರೆದಿಟ್ಟಿರುತ್ತದೆ, ಹೆಚ್ಚುವರಿ ಹೆಜ್ಜೆ ಅದಕ್ಕೆ ಅಡ್ಡಿಯಲ್ಲ.

ಕಾರ್ಬೊರಂಡಂ ಬದಲು ಬೇರೆ ಗರಗರ ಪುಡಿ ಹಾಕಿದರೆ? ಇಲ್ಲಿ ಹುಷಾರು. ಅದೇ ಕೆಲಸವನ್ನು ಅದೇ ರೀತಿ ಮಾಡಿ ಅದೇ ಫಲ ತರುವ ಬದಲಿ ವಸ್ತುವನ್ನು ಹಲವು ದೇಶಗಳ ಕೋರ್ಟುಗಳು ಸಮಾನ ಎಂದು ನೋಡುತ್ತವೆ. ಇಂಥ ಜಾಗಕ್ಕೆ ಪ್ರಶ್ನಾರ್ಥಕ ಹಾಕಿ ಪಕ್ಕಕ್ಕಿಡಿ. ವಕೀಲರಿಗೆ ಕೊಡಬೇಕಾದ ದುಡ್ಡನ್ನು ಇಂಥ ಪ್ರಶ್ನೆಗೇ ಉಳಿಸಿಕೊಳ್ಳುವುದು.

ಜೀನಿನ ಮೇಲಿನ ಕ್ಲೈಮಿನಲ್ಲಿ ಶೇಕಡಾವಾರು ನೋಡಿ. ‘ಈ ಸೀಕ್ವೆನ್ಸ್‌ಗೆ ಕನಿಷ್ಠ ಶೇ 90 ಹೋಲುವ’ ಎಂಬ ಧಾಟಿಯ ಮಾತು ಬರುತ್ತದೆ. ಪಪ್ಪಾಯಿಗೆ ಇದು ಬರೀ ಕಾನೂನಿನ ಲೆಕ್ಕವಲ್ಲ. ಸೈಲೆನ್ಸಿಂಗ್ ಕೆಲಸ ಮಾಡಲು ಗಿಡದ ಜೀನ್ ಮತ್ತು ವೈರಸ್ ಒಂದನ್ನೊಂದು ಚೆನ್ನಾಗಿ ಹೋಲಬೇಕು. ಹವಾಯಿಯ ವೈರಸ್ಸಿನಿಂದ ಮಾಡಿದ ರೇನ್‌ಬೋ ಹವಾಯಿಯಲ್ಲಿ ಗಟ್ಟಿಯಾಗಿ ನಿಂತರೂ ಬೇರೆ ಕಡೆಯ ಹಲವು ವೈರಸ್ ಬಗೆಗಳ ಮುಂದೆ ಸೋಲುತ್ತದೆ. ಹಾಗಾಗಿ ಬೇರೆ ಕಡೆ ಸಂಶೋಧಕರು ತಮ್ಮಲ್ಲಿನ ವೈರಸ್ಸಿನಿಂದಲೇ ಜೀನ್ ತೆಗೆದರು. ಫ್ಲಾರಿಡಾದ ಎಕ್ಸ್17-2 ಲೈನ್ ಹಾಗೆ ಬಂದದ್ದು. ಚೀನಾದ ಹುವಾನಾಂಗ್ 1 ತಳಿಯಲ್ಲಿ ಕೋಟ್ ಪ್ರೋಟೀನ್ ಬದಲು ವೈರಸ್ಸಿನ ರೆಪ್ಲಿಕೇಸ್ ಜೀನನ್ನೇ (ವೈರಸ್ ತನ್ನ ನಕಲು ಮಾಡಿಕೊಳ್ಳಲು ಬೇಕಾದ ಜೀನ್) ಬಳಸಿದರು. ನಿಮ್ಮ ಜೀನ್ ಕ್ಲೈಮಿನ ಜೀನನ್ನು ಎಷ್ಟು ಹೋಲುತ್ತದೆ ಎಂದು ಸೀಕ್ವೆನ್ಸ್ ಹೋಲಿಸುವ ಬ್ಲಾಸ್ಟ್ ಎಂಬ ಸಾಧನದಲ್ಲಿ ಹಾಕಿ ನೋಡುವುದು ಕೆಲವೇ ನಿಮಿಷದ ಕೆಲಸ.

ಕ್ಲೈಮ್ ಮುಗಿಸಿದ ಮೇಲೆ ವಿವರಣೆಗೆ ಬನ್ನಿ. ಅಲ್ಲಿ ಎರಡು ಸಂಗತಿ ಹುಡುಕಿ. ಒಂದು, ಪದಗಳ ವ್ಯಾಖ್ಯೆ. ಕ್ಲೈಮಿನ ‘ಗಿಡ’ದಲ್ಲಿ ಬೀಜ, ಹಣ್ಣು, ಕೋಶವೂ ಸೇರುತ್ತದೆ ಎಂದು ಅಲ್ಲಿ ಬರೆದಿರಬಹುದು. ಎರಡು, ಪ್ರಯೋಗಗಳ ಉದಾಹರಣೆ. ಅಮೆರಿಕದ ದಾಖಲೆಗಳಲ್ಲಿ ನಿಜಕ್ಕೂ ಮಾಡಿದ ಪ್ರಯೋಗವನ್ನು ಭೂತಕಾಲದಲ್ಲಿ, ಇನ್ನೂ ಮಾಡದೆ ಊಹಿಸಿದ್ದನ್ನು ವರ್ತಮಾನದಲ್ಲಿ ಬರೆಯುವ ರೂಢಿ ಇದೆ. ‘ಕ್ಯಾಲಸ್ಸನ್ನು ಇಡಲಾಯಿತು, ಗಿಡಗಳು ಬಂದವು’ ಎಂದರೆ ಮಾಡಿದ್ದಾರೆ. ‘ಕ್ಯಾಲಸ್ಸನ್ನು ಇಡಲಾಗುತ್ತದೆ’ ಎಂದರೆ ಕಾಗದದ ಮೇಲೆ ಮಾತ್ರ ಇರಬಹುದು. ಪಪ್ಪಾಯಿ, ಬಾಳೆ, ಮಾವು ಎಂದು ಉದ್ದನೆಯ ಪಟ್ಟಿ ಕೊಟ್ಟ ಪೇಟೆಂಟಿನಲ್ಲಿ ಪ್ರಯೋಗ ನಡೆದದ್ದು ತಂಬಾಕಿನ ಮೇಲೆ ಮಾತ್ರ ಆಗಿದ್ದರೆ ಆಶ್ಚರ್ಯಪಡಬೇಡಿ.

ಹಂತ 5: ಯಾವ ದೇಶ?

ಪೇಟೆಂಟಿಗೆ ಗಡಿ ಇದೆ. ಒಂದು ದೇಶದಲ್ಲಿ ಮಂಜೂರಾದದ್ದು ಆ ದೇಶದಲ್ಲಿ ಮಾತ್ರ ನಡೆಯುತ್ತದೆ. ಎಸ್ಪಾಸ್ನೆಟ್‌ನಲ್ಲಿ ಪೇಟೆಂಟ್ ಕುಟುಂಬ (ಒಂದೇ ಆವಿಷ್ಕಾರದ ಬೇರೆ ಬೇರೆ ದೇಶದ ಅರ್ಜಿಗಳ ಗುಂಪು) ನೋಡಿದರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ.

ಇದಲ್ಲದೆ ಏನಕ್ಕೆ ಪೇಟೆಂಟ್ ಕೊಡಬಹುದು ಎಂಬುದೂ ದೇಶಕ್ಕೊಂದು ರೀತಿ. ಅಮೆರಿಕದಲ್ಲಿ ಗಿಡ, ಬೀಜ, ಜೀನ್ ತುಂಡಿನ ರಚನೆ, ವಿಧಾನ ಎಲ್ಲಕ್ಕೂ ಸಿಗಬಹುದು. ಯುರೋಪಿನಲ್ಲಿ ಒಂದು ನಿರ್ದಿಷ್ಟ ತಳಿಗೆ ಕೊಡುವುದಿಲ್ಲ, ಮಾಮೂಲಿ ಕ್ರಾಸಿಂಗ್ ವಿಧಾನಕ್ಕೂ ಇಲ್ಲ, ಆದರೆ ಜೀನ್ ಮಾರ್ಪಾಡಿನ ವಿಧಾನಕ್ಕೆ ಕೊಡುತ್ತಾರೆ. ಭಾರತದ ಪೇಟೆಂಟ್ ಕಾಯ್ದೆಯ ಕಲಂ 3(ಜೆ) ಗಿಡ, ಗಿಡದ ಭಾಗ, ಬೀಜ, ತಳಿ ಯಾವುದಕ್ಕೂ ಪೇಟೆಂಟ್ ಇಲ್ಲ ಎನ್ನುತ್ತದೆ. ಆದರೆ ಲ್ಯಾಬಿನಲ್ಲಿ ನಡೆಯುವ ವಿಧಾನದ ಬಾಗಿಲು ಅಲ್ಲೂ ಪೂರ್ತಿ ಮುಚ್ಚಿಲ್ಲ. ಹಾಗಾಗಿಯೇ ಹಣ್ಣಿನ ಬೆಳೆಗಳಲ್ಲಿ ವಿಧಾನದ ಪೇಟೆಂಟಿಗೆ ಇಷ್ಟು ಬೆಲೆ. ಗಿಡಕ್ಕೆ ಸಿಗದ ಕಡೆ ವಿಧಾನಕ್ಕಾದರೂ ಸಿಗುತ್ತದೆ.

ವಿಧಾನದ ಪೇಟೆಂಟ್ ಅಂದರೆ ಲ್ಯಾಬಿನೊಳಗೇ ಮುಗಿಯಿತು ಎಂದುಕೊಳ್ಳಬೇಡಿ. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿಯ ಟ್ರಿಪ್ಸ್ ಒಪ್ಪಂದದ 28ನೇ ವಿಧಿಯಂತೆ, ಪೇಟೆಂಟ್ ಆದ ವಿಧಾನದಿಂದ ನೇರವಾಗಿ ಸಿಕ್ಕ ವಸ್ತುವಿಗೂ ಹಕ್ಕು ಚಾಚುತ್ತದೆ. ನೇರವಾಗಿ ಅಂದರೆ ಎಲ್ಲಿಯವರೆಗೆ? ಟಿಶ್ಯೂ ಕಲ್ಚರಿನಿಂದ ಬಂದ ಮೊದಲ ಗಿಡವೇ, ಅದರ ಮರಿಯೇ, ನಾಲ್ಕು ತಲೆಮಾರು ಕ್ರಾಸ್ ಮಾಡಿದ ಮೇಲಿನ ಹಣ್ಣೇ? ಇದಕ್ಕೆ ಒಂದೇ ಉತ್ತರ ಇಲ್ಲ. ಕೆನಡಾದ ಉದಾಹರಣೆ ನೋಡಿ. ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ ಉನ್ನತ ಜೀವಿಗಳಿಗೆ ಪೇಟೆಂಟ್ ಇಲ್ಲ ಎಂದಿತು. ಅದೇ ಕೋರ್ಟ್ 2004ರಲ್ಲಿ ಮೊನ್ಸಾಂಟೊ ಮತ್ತು ಶ್ಮೈಸರ್ ಮೊಕದ್ದಮೆಯಲ್ಲಿ, ಪೇಟೆಂಟ್ ಆದ ಜೀನ್ ಮತ್ತು ಕೋಶ ಇರುವ ಕ್ಯಾನೋಲಾ (ಸಾಸಿವೆ ಜಾತಿಯ ಎಣ್ಣೆಬೀಜ) ಗಿಡ ಬೆಳೆದರೆ ಆ ಪೇಟೆಂಟಿನ ಉಲ್ಲಂಘನೆ ಆಗುತ್ತದೆ ಎಂದಿತು. ಗಿಡಕ್ಕೆ ಹಕ್ಕಿಲ್ಲ, ಆದರೂ ಗಿಡ ಬೆಳೆಯುವ ಹಾಗಿಲ್ಲ!

ಬರೀ ಸಂಶೋಧನೆಗೆ ಬಳಸಿದರೆ ತೊಂದರೆ ಇಲ್ಲ ಎಂಬ ನಂಬಿಕೆ ಕಾಲೇಜುಗಳಲ್ಲಿ ಗಟ್ಟಿಯಾಗಿದೆ. ಭಾರತದ ಕಾಯ್ದೆಯಲ್ಲಿ ಪ್ರಯೋಗ, ಸಂಶೋಧನೆ, ಪಾಠಕ್ಕೆ ವಿನಾಯಿತಿ ಇದೆ. ಅಮೆರಿಕದಲ್ಲಿ 2002ರ ಮೇಡಿ ಮತ್ತು ಡ್ಯೂಕ್ ವಿಶ್ವವಿದ್ಯಾಲಯ ತೀರ್ಪಿನ ನಂತರ ಅದು ಬಹಳ ಸಣ್ಣದು; ವಿಶ್ವವಿದ್ಯಾಲಯ ಎಂಬ ಕಾರಣಕ್ಕೆ ರಿಯಾಯಿತಿ ಸಿಗುವುದಿಲ್ಲ.

ಹಂತ 6: ಅವಧಿ ಮುಗಿದಿದೆಯೇ?

ಇದು ಬೇಗ ಮುಗಿಯುವ ಹಂತ, ಎಷ್ಟೋ ಸಲ ಸಂತೋಷದ ಹಂತವೂ ಹೌದು. ಸಾಮಾನ್ಯ ನಿಯಮ, ಅರ್ಜಿ ಹಾಕಿದ ದಿನದಿಂದ 20 ವರ್ಷ. ಅಮೆರಿಕದಲ್ಲಿ 1995ರ ಜೂನ್ 8ಕ್ಕೆ ಮೊದಲು ಹಾಕಿದ ಅರ್ಜಿಗಳಿಗೆ, ಮಂಜೂರಾದ ದಿನದಿಂದ 17 ವರ್ಷ ಅಥವಾ ಅರ್ಜಿಯಿಂದ 20 ವರ್ಷ, ಯಾವುದು ಜಾಸ್ತಿಯೋ ಅದು.

ಹವಾಯಿ ಪಪ್ಪಾಯಿಯ ಪಟ್ಟಿಗೆ ಇದನ್ನು ಹಾಕಿ ನೋಡಿ. ಕಾರ್ನೆಲ್‌ನ ಜಾನ್ ಸ್ಯಾನ್‌ಫರ್ಡ್ ಮತ್ತು ಸಂಗಡಿಗರ ಜೀನ್ ಗನ್ ಪೇಟೆಂಟ್, ನಂಬರ್ 4945050, ಮಂಜೂರಾದದ್ದು 1990ರ ಜುಲೈನಲ್ಲಿ. ಅಲ್ಲಿಂದ 17 ವರ್ಷ ಅಂದರೆ 2007. ಮೊನ್ಸಾಂಟೊದ 35ಎಸ್ ಪ್ರಮೋಟರ್ ಪೇಟೆಂಟ್, ನಂಬರ್ 5352605, ಮಂಜೂರಾದದ್ದು 1994ರ ಅಕ್ಟೋಬರಿನಲ್ಲಿ. ಅದು 2011ಕ್ಕೆ ಮುಗಿಯಿತು. ಇವೆರಡೂ ಈಗ ಯಾರು ಬೇಕಾದರೂ ಬಳಸಬಹುದಾದ ತಂತ್ರ. ಆದರೆ ಅದೇ ತಂತ್ರದ ಮೇಲೆ ಆಮೇಲೆ ಬಂದ ಸುಧಾರಣೆಗಳಿಗೆ ಬೇರೆ ಪೇಟೆಂಟ್ ಇರುತ್ತದೆ. ಹಳೆಯದನ್ನು ಹಳೆಯ ರೀತಿಯಲ್ಲೇ ಬಳಸಿದರೆ ನೆಮ್ಮದಿ.

20 ವರ್ಷಕ್ಕೆ ಮೊದಲೇ ಸಾಯುವ ಪೇಟೆಂಟುಗಳೂ ಇವೆ. ಕಾಲಕಾಲಕ್ಕೆ ಫೀಸು ಕಟ್ಟದಿದ್ದರೆ ಹಕ್ಕು ಹೋಗುತ್ತದೆ. ಗೂಗಲ್ ಪೇಟೆಂಟ್ಸ್‌ನಲ್ಲಿ ‘ಚಾಲ್ತಿಯಲ್ಲಿದೆ’, ‘ಮುಗಿದಿದೆ’ ಎಂದು ಕಾಣುತ್ತದೆ, ಆದರೆ ಅದು ಅಂದಾಜು ಮಾತ್ರ ಎಂದು ಗೂಗಲ್ಲೇ ಪಕ್ಕದಲ್ಲಿ ಹೇಳಿಕೊಂಡಿದೆ. ಆಯಾ ದೇಶದ ಪೇಟೆಂಟ್ ಕಚೇರಿಯ ರಿಜಿಸ್ಟರ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಹಂತ 7: ಕ್ರಿಸ್ಪರ್ ಬಳಸಿದ್ದರೆ

ಕ್ರಿಸ್ಪರ್ ಅಂದರೆ ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸಿ ತಿದ್ದುವ ತಂತ್ರ. ಮೇಲಿನ ಸಂತೋಷ ಇಲ್ಲಿ ಇಲ್ಲ. ಕ್ರಿಸ್ಪರ್-ಕ್ಯಾಸ್9 ಮೇಲಿನ, ಅಮೆರಿಕದ ಸಂಶೋಧನಾ ಸಂಸ್ಥೆಯಾದ ಬ್ರಾಡ್ ಇನ್‌ಸ್ಟಿಟ್ಯೂಟಿನ ಮೊದಲ ಅಮೆರಿಕನ್ ಪೇಟೆಂಟ್ ಮಂಜೂರಾದದ್ದು 2014ರಲ್ಲಿ. ಅಂದರೆ ಇನ್ನೂ ವರ್ಷಗಟ್ಟಲೆ ಉಳಿದಿದೆ. ವಿಜ್ಞಾನಿಗಳಾದ ಜೆನ್ನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪೆಂಟಿಯೆ ಅವರ ಕಡೆಯವರಿಗೂ ಬ್ರಾಡ್‌ಗೂ ಯಾರು ಮೊದಲು ಎಂಬ ಜಗಳ ವರ್ಷಗಳಿಂದ ನಡೆದಿದೆ. ಕೃಷಿ ಬಳಕೆಗೆ ಬೀಜ ಕಂಪನಿ ಕೊರ್ಟೆವಾ ಮತ್ತು ಬ್ರಾಡ್ ಒಟ್ಟಾಗಿ ಲೈಸೆನ್ಸ್ ಕೊಡುವ ವ್ಯವಸ್ಥೆ ಮಾಡಿಕೊಂಡಿವೆ.

ಜನ ಗಲಿಬಿಲಿ ಮಾಡಿಕೊಳ್ಳುವುದು ಇನ್ನೊಂದು ಕಡೆ. ಟ್ರಾಪಿಕ್ ಎಂಬ ಕಂಪನಿಯ ಕಪ್ಪಾಗದ ಬಾಳೆಹಣ್ಣನ್ನು 2023ರಲ್ಲಿ ಫಿಲಿಪೀನ್ಸ್ ಕುಲಾಂತರಿ ಅಲ್ಲ ಎಂದು ನಿರ್ಧರಿಸಿತು, ಯಾಕೆಂದರೆ ಅದರಲ್ಲಿ ಹೊರಗಿನ ಜೀನ್ ಇಲ್ಲ. ಆದರೆ ಜೈವಿಕ ಸುರಕ್ಷತೆಯ ನಿಯಮ ಬೇರೆ, ಪೇಟೆಂಟ್ ಬೇರೆ. ಕುಲಾಂತರಿ ಅಲ್ಲ ಎಂದ ಮಾತ್ರಕ್ಕೆ ಅದನ್ನು ಮಾಡಿದ ವಿಧಾನ ಪುಕ್ಕಟೆ ಆಗುವುದಿಲ್ಲ. ಇದು ತಿರುಗಿಸಿದರೂ ನಿಜ: ಪೇಟೆಂಟ್ ಸಿಕ್ಕಿತು ಎಂದರೆ ಬೆಳೆಯಲು ಪರವಾನಗಿ ಸಿಕ್ಕಿತು ಎಂದಲ್ಲ. ಪೇಟೆಂಟ್ ಕೊಡುವುದು ಬೇರೆಯವರನ್ನು ತಡೆಯುವ ಹಕ್ಕು ಅಷ್ಟೇ.

ಹಂತ 8: ಪೇಟೆಂಟಿನ ಹೊರಗಿನ ಕಟ್ಟುಪಾಡು

ಪೇಟೆಂಟ್ ಇಲ್ಲ, ಅಥವಾ ಮುಗಿದಿದೆ. ಆದರೂ ಕೈ ಕಟ್ಟುವ ಕಾಗದ ಇರಬಹುದು. ಇನ್ನೊಂದು ಲ್ಯಾಬಿನಿಂದ ಪ್ಲಾಸ್ಮಿಡ್ (ಬೇಕಾದ ಜೀನ್ ಇಟ್ಟ ಡಿಎನ್‌ಎ ಉಂಗುರ) ತರಿಸಿಕೊಂಡಾಗ ಸಹಿ ಮಾಡಿದ ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದವನ್ನು ಹುಡುಕಿ ತೆಗೆಯಿರಿ. ‘ಸಂಶೋಧನೆಗೆ ಮಾತ್ರ, ಮಾರಾಟಕ್ಕಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಸಹಿ ಮಾಡಿದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಕಾಗದ ಯಾವುದೋ ಕಪಾಟಿನಲ್ಲಿರುತ್ತದೆ. ಈ ಕಾಗದ ಹುಡುಕುವುದು ಪೇಟೆಂಟ್ ಹುಡುಕುವುದಕ್ಕಿಂತ ಕಷ್ಟ.

ಲೈಸೆನ್ಸಿನ ಷರತ್ತುಗಳನ್ನೂ ಓದಿ. ಹವಾಯಿಯ ಲೈಸೆನ್ಸಿನಲ್ಲಿ ಆ ಪಪ್ಪಾಯಿಯನ್ನು ಹವಾಯಿಯಲ್ಲಿ ಮಾತ್ರ ವ್ಯಾಪಾರಕ್ಕೆ ಬೆಳೆಯಬೇಕು ಎಂದಿತ್ತು. ಹಣ್ಣನ್ನು ಹೊರಗೆ ಮಾರಬಹುದು, ತರಿಸಿಕೊಳ್ಳುವ ದೇಶ ಒಪ್ಪಿದರೆ. ಜಪಾನ್ ಒಪ್ಪಿ ಮಾರುಕಟ್ಟೆ ತೆರೆಯುವ ಹೊತ್ತಿಗೆ 2011 ಆಗಿತ್ತು. ತಳಿ ಹಕ್ಕಿನ ಕಾನೂನನ್ನೂ ಮರೆಯಬೇಡಿ. ಅದು ಪೇಟೆಂಟಿನಿಂದ ಪೂರ್ತಿ ಬೇರೆ, ರಿಜಿಸ್ಟರೂ ಬೇರೆ.

ಹಂತ 9: ಎಲ್ಲವನ್ನೂ ಒಂದು ಹಾಳೆಗೆ ತನ್ನಿ

ಹಂತ 1ರ ಪಟ್ಟಿಗೆ ವಾಪಸ್ ಬನ್ನಿ. ಪ್ರತಿ ಬಿಡಿಭಾಗದ ಎದುರು ಇಷ್ಟು ಬರೆಯಿರಿ: ಪೇಟೆಂಟ್ ನಂಬರ್, ಹಕ್ಕುದಾರರು, ಅರ್ಜಿಯೋ ಮಂಜೂರೋ, ಯಾವ ದೇಶಗಳು, ಮುಗಿಯುವ ವರ್ಷ, ಸ್ವತಂತ್ರ ಕ್ಲೈಮಿನ ಯಾವ ಹೆಜ್ಜೆ ನಿಮ್ಮಲ್ಲಿ ಇಲ್ಲ. ಕೊನೆಯ ಕಾಲಂ ಖಾಲಿ ಬಿದ್ದ ಸಾಲುಗಳು ನಿಮ್ಮ ತಲೆನೋವು. ಅಲ್ಲಿ ದಾರಿ ಮೂರು. ಲೈಸೆನ್ಸ್ ಕೇಳುವುದು, ಅವಧಿ ಮುಗಿಯುವವರೆಗೆ ಕಾಯುವುದು, ಅಥವಾ ಆ ಭಾಗವನ್ನೇ ಬದಲಿಸುವುದು. ಪ್ರಮೋಟರ್, ಮಾರ್ಕರ್ ಜೀನ್ ಬದಲಿಸುವುದು ಶುರುವಿನಲ್ಲಿ ಸುಲಭ. ಹೊಲದಲ್ಲಿ ಪರೀಕ್ಷೆ ಮುಗಿದು ಸುರಕ್ಷತೆಯ ದಾಖಲೆ ತಯಾರಾದ ಮೇಲೆ ಒಂದು ಪ್ರಮೋಟರ್ ಬದಲಿಸಿದರೂ ಅದು ಹೊಸ ಗಿಡ, ಎಲ್ಲ ಮೊದಲಿನಿಂದ. ಹಾಗಾಗಿ ಈ ಹಾಳೆಯನ್ನು ಪ್ರಯೋಗ ಶುರುಮಾಡುವ ಮೊದಲೇ ಮಾಡುವುದು ಲೇಸು.

ಪ್ರಶ್ನಾರ್ಥಕ ಹಾಕಿದ ಸಾಲುಗಳನ್ನು ಮಾತ್ರ ಪೇಟೆಂಟ್ ವಕೀಲರ ಬಳಿ ಒಯ್ಯಿರಿ, ಮಂಜೂರಾದ ಕ್ಲೈಮಿನ ಪ್ರತಿ ಮತ್ತು ನಿಮ್ಮ ವಿಧಾನದ ಹೆಜ್ಜೆಗಳನ್ನು ಜೊತೆಗಿಟ್ಟು. ಹಾಳೆಯ ಮೇಲೆ ಹುಡುಕಿದ ತಾರೀಖು ಬರೆದಿಡಿ. ಕಳೆದ 18 ತಿಂಗಳಲ್ಲಿ ಬಿದ್ದ ಅರ್ಜಿಗಳಲ್ಲಿ ಹೆಚ್ಚಿನವು ಇವತ್ತು ನಿಮಗೆ ಕಾಣುವುದೇ ಇಲ್ಲ. ಅದಕ್ಕೇ ಇದೇ ಪದ, ಇದೇ ಕೋಡ್ ಹಾಕಿ ಒಂದೂವರೆ ವರ್ಷದ ನಂತರ ಒಮ್ಮೆ, ಗಿಡ ಅಥವಾ ಬೀಜ ಲ್ಯಾಬಿನಿಂದ ಹೊರಗೆ ಹೋಗುವ ಮೊದಲು ಇನ್ನೊಮ್ಮೆ ಹುಡುಕಿ.